ನಳಿಗೆ ತುದಿಯ ಲೆಕ್ಕ: ಓದುಗರ ಪ್ರಶ್ನೆ, ನಮ್ಮ ಉತ್ತರ

ಎರಡು ಸಂಚಿಕೆ ಹಿಂದೆ ಕೋವಿ ಕ್ಲೀನ್ ಮಾಡೋ ಬಗ್ಗೆ ಬರೆದಾಗ, ನಳಿಗೆ ತುದಿಗೆ ಏನಾದ್ರೂ ಸಿಕ್ಕಿಸಿದ್ರೆ ಅದನ್ನ ಬಿಚ್ಚಿ ಬೇರೆಯಾಗೇ ತಿಕ್ಕಿ ಅಂತ ಒಂದು ಸಾಲು ಹಾಕಿದ್ದೆ. ಆ ಒಂದು ಸಾಲಿಗೇ ಪತ್ರ ಮೇಲೆ ಪತ್ರ ಬಂದಿವೆ, ಮೆಸೇಜ್‌ಗಳೂ ಬಂದಿವೆ, ಕೊಡಗಿಂದ, ಮಲೆನಾಡಿಂದ, ಅಮೆರಿಕದಿಂದಾನೂ. ಸೇನೆಯಲ್ಲಿ ಆರ್ಮರರ್ ಅಂದ್ರೆ ಆಯುಧ ರಿಪೇರಿ ಕೆಲಸ ಮಾಡಿದವನಿಗೆ ಇದು ತುಂಬ ಇಷ್ಟದ ವಿಷಯ, ಅದಕ್ಕೇ ಈ ಸಲ ಪೂರ್ತಿ ಅಂಕಣ ಇದಕ್ಕೇ ಮೀಸಲು.

ಪ್ರಶ್ನೆ (ಪೊನ್ನಂಪೇಟೆಯಿಂದ): ಸಾರ್, ಟಿವೀಲಿ ನೋಡ್ತೀನಿ, ಒಬ್ಬೊಬ್ಬ ಸೈನಿಕರ ರೈಫಲ್ ತುದೀಲಿ ಒಂದೊಂದು ತರ ಇರುತ್ತೆ, ಒಂದಕ್ಕೆ ಪಂಜರದ ತರ, ಒಂದಕ್ಕೆ ಓರೆಯಾಗಿ ಕತ್ತರಿಸಿದ ಹಾಗೆ, ಒಂದಕ್ಕೆ ದಪ್ಪ ಡಬ್ಬಿ. ಫ್ಲಾಶ್ ಹೈಡರ್, ಬ್ರೇಕ್, ಕಾಂಪೆನ್ಸೇಟರ್, ಸೈಲೆನ್ಸರ್ ಎಲ್ಲ ಒಂದೇನಾ, ಬೇರೆ ಬೇರೇನಾ? ಇದ್ರಲ್ಲಿ ಯಾವುದು ಬೆಸ್ಟ್?

ಉತ್ತರ: ಬೇರೆ ಬೇರೆ. ಆದ್ರೆ ನಾಲ್ಕೂ ಕೆಲಸ ಮಾಡೋದು ಒಂದೇ ವಸ್ತು ಮೇಲೆ, ಅದು ಗ್ಯಾಸು. ತೋಟಾ ಅಂದ್ರೆ ಕಾರ್ಟ್ರಿಜ್, ಅದರಲ್ಲಿರೋ ಸಿಡಿಮದ್ದು ಉರಿದು ಗ್ಯಾಸ್ ಆಗುತ್ತೆ, ಆ ಗ್ಯಾಸ್ ಗುಂಡನ್ನ ತಳ್ಳುತ್ತೆ, ಗುಂಡು ನಳಿಗೆ ಬಿಟ್ಟ ತಕ್ಷಣ ಅದರ ಹಿಂದೇನೇ ಆ ಗ್ಯಾಸೂ ನುಗ್ಗಿ ಹೊರಗೆ ಬರುತ್ತೆ, ಬಿಸಿಯಾಗಿ, ಗುಂಡಿಗಿಂತ ಜೋರಾಗಿ. ಬೆಳಕು, ಸದ್ದು, ಭುಜಕ್ಕೆ ಬೀಳೋ ಒದೆಯಲ್ಲಿ ಒಂದು ಪಾಲು, ಧೂಳು, ಎಲ್ಲ ಈ ಗ್ಯಾಸಿನದ್ದೇ. ತುದೀಲಿ ನೀವು ಏನೇ ಸಿಕ್ಕಿಸಿ, ಆ ಗ್ಯಾಸ್ ಮಾಯ ಆಗಲ್ಲ, ಬೇರೆ ದಿಕ್ಕಿಗೆ ಹೋಗುತ್ತೆ ಇಲ್ಲ ನಿಧಾನವಾಗಿ ಹೋಗುತ್ತೆ ಅಷ್ಟೇ. ಹಾಗಾಗಿ ಯಾವ ಸಾಮಾನು ನೋಡಿದ್ರೂ ನಾನು ಮೊದಲು ಕೇಳೋ ಪ್ರಶ್ನೆ ಒಂದೇ, ಈ ಗ್ಯಾಸ್ ಈಗ ಯಾರ ಕಡೆಗೆ ಹೋಯ್ತು?

ಮೊದಲು ಫ್ಲಾಶ್ ಹೈಡರ್. ತುಂಬ ಜನ ಅಂದ್ಕೊಂಡಿರೋದು ಇದು ಶತ್ರು ಕಣ್ಣಿಂದ ನಮ್ಮನ್ನ ಮುಚ್ಚಿಡುತ್ತೆ ಅಂತ. ಸ್ವಲ್ಪ ಮಟ್ಟಿಗೆ ಹೌದು, ಆದ್ರೆ ಇದರ ದೊಡ್ಡ ಉಪಕಾರ ಗುಂಡು ಹೊಡೆಯೋನ ಸ್ವಂತ ಕಣ್ಣಿಗೆ. ಕತ್ತಲಿಗೆ ಹೊಂದಿಕೊಂಡ ಕಣ್ಣಿನ ಮುಂದೆ ಒಂದು ಬೆಂಕಿ ಚೆಂಡು ಹತ್ತಿಕೊಂಡ್ರೆ ಆಮೇಲೆ ಸ್ವಲ್ಪ ಹೊತ್ತು ಏನೂ ಕಾಣಲ್ಲ. ನಳಿಗೆಯಿಂದ ಬರೋ ಗ್ಯಾಸಲ್ಲಿ ಇನ್ನೂ ಉರಿಯೋಕೆ ಬಾಕಿ ಇರೋ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಇರುತ್ವೆ, ಅವು ಹೊರಗಿನ ಆಮ್ಲಜನಕ ಸಿಕ್ಕಿದ ಕೂಡಲೇ ಎರಡನೇ ಸಲ ಹತ್ತಿಕೊಳ್ತವೆ, ಆ ದೊಡ್ಡ ಬೆಂಕಿ ಚೆಂಡು ಅದೇ. ಫ್ಲಾಶ್ ಹೈಡರ್‌ನ ಸೀಳುಗಳು ಆ ಗ್ಯಾಸನ್ನ ಚೂರು ಚೂರಾಗಿ ಹರಡಿಸಿ, ಒಂದೇ ಕಡೆ ಬಿಸಿಯಾಗಿ ಗುಂಪಾಗದ ಹಾಗೆ ಮಾಡ್ತವೆ. ಮದ್ದಿನಲ್ಲೇ ಪೊಟ್ಯಾಸಿಯಂ ಲವಣ ಬೆರೆಸೋದೂ ಇದೇ ಕಾರಣಕ್ಕೆ. ನಳಿಗೆ ಗಿಡ್ಡ ಆದಷ್ಟೂ ಮದ್ದು ಒಳಗೇ ಪೂರ್ತಿ ಉರಿಯೋಕೆ ಜಾಗ ಸಾಲಲ್ಲ, ಬೆಳಕು ಜಾಸ್ತಿ. ನಮ್ಮ ಪೊಲೀಸರ ಹಳೇ ತ್ರೀ ನಾಟ್ ತ್ರೀ ನೋಡಿದ್ದೀರಲ್ಲ, ಉದ್ದ ನಳಿಗೆ, ತುದೀಲಿ ಏನೂ ಇಲ್ಲ. ಅದೇ ಜಾತಿಯ ರೈಫಲನ್ನ 1944ರಲ್ಲಿ ಕಾಡಿನ ಯುದ್ಧಕ್ಕೆ ಅಂತ ಬ್ರಿಟಿಷರು ಗಿಡ್ಡ ಮಾಡಿದಾಗ, ಜಂಗಲ್ ಕಾರ್ಬೈನ್ ಅಂತಾರಲ್ಲ ಅದಕ್ಕೆ, ತುದೀಲಿ ಆಲಿಕೆ ಆಕಾರದ ಫ್ಲಾಶ್ ಹೈಡರ್ ಹಾಕಲೇಬೇಕಾಯ್ತು. ಆದ್ರೆ ಅದು ಒದೆ ಕಡಿಮೆ ಮಾಡ್ಲಿಲ್ಲ, ಭುಜ ನೋಯಿಸೋದ್ರಲ್ಲಿ ಆ ಕಾರ್ಬೈನ್ ಹೆಸರುವಾಸಿ.

ಅಮೆರಿಕದ ಎಂ-16ರ ಕತೆ ಇನ್ನೂ ಚೆನ್ನಾಗಿದೆ. ಮೊದಮೊದಲು ಅದಕ್ಕಿದ್ದಿದ್ದು ಮೂರು ಕಡ್ಡಿ ತೆರೆದಿರೋ ಫ್ಲಾಶ್ ಹೈಡರ್. ಬೆಳಕು ಅಡಗಿಸೋದ್ರಲ್ಲಿ ಆ ಮೂರು ಕಡ್ಡೀದು ಇವತ್ತಿಗೂ ಒಳ್ಳೇ ಹೆಸರೇ, ಆದ್ರೆ ವಿಯೆಟ್ನಾಂ ಕಾಡಲ್ಲಿ ಬಳ್ಳಿ, ಹುಲ್ಲು ಎಲ್ಲ ಆ ಕಡ್ಡಿಗಳ ಮಧ್ಯೆ ಸಿಕ್ಕಿಕೊಳ್ತಿತ್ತು, ಅದಕ್ಕೇ ತುದಿ ಮುಚ್ಚಿದ ಪಂಜರದ ತರದ್ದು ಬಂತು, ಬರ್ಡ್‌ಕೇಜ್ ಅಂತಾರೆ. ಆಮೇಲೆ 80ರ ದಶಕದಲ್ಲಿ ಎಂ-16ಎ2 ಬಂದಾಗ ಅದೇ ಪಂಜರದ ಕೆಳಗಡೆ ಸೀಳು ಮುಚ್ಚಿಬಿಟ್ರು. ಯಾಕೆ ಅಂದ್ರೆ ಮಲಗಿ ಹೊಡೆಯುವಾಗ ಕೆಳಗಿನ ಸೀಳಿಂದ ಬಂದ ಗ್ಯಾಸು ನೆಲದ ಧೂಳನ್ನೆಲ್ಲ ಎಬ್ಬಿಸ್ತಿತ್ತು, ಕೆಳಗೆ ಮುಚ್ಚಿದ್ರೆ ಧೂಳು ಕಡಿಮೆ, ಜೊತೆಗೆ ಗ್ಯಾಸು ಮೇಲಕ್ಕೆ ಹೋಗೋದ್ರಿಂದ ನಳಿಗೆ ಸ್ವಲ್ಪ ಕೆಳಕ್ಕೆ ಒತ್ತುತ್ತೆ. ಒಂದು ಸೀಳು ಮುಚ್ಚಿದ್ದಕ್ಕೆ ಎರಡು ಲಾಭ! ಮೂರು ಕಡ್ಡೀದು ಕೈಯಲ್ಲಿ ಹಿಡಿದು ಬೆರಳಲ್ಲಿ ತಟ್ಟಿ ನೋಡಿದ್ರೆ ಟಿಂಗ್ ಅಂತ ಎಳೆದು ಎಳೆದು ನಾದ ಬರುತ್ತೆ, ಗುಂಡು ಹಾರಿದ ಮೇಲೂ ಅದೇ ನಾದ ಕೇಳುತ್ತೆ.

ಕಾಂಪೆನ್ಸೇಟರ್ ಅಂದ್ರೆ ಮೇಲ್ಗಡೆ ತೂತು. ಗ್ಯಾಸ್ ಮೇಲಕ್ಕೆ ಹಾರುತ್ತೆ, ನಳಿಗೆ ಕೆಳಕ್ಕೆ ಕೂರುತ್ತೆ. ಹಳೇ ಥಾಂಪ್ಸನ್ ಸಬ್ ಮೆಷಿನ್ ಗನ್ನಿಗೆ ಇದ್ದ ಕಟ್ಸ್ ಕಾಂಪೆನ್ಸೇಟರ್ ಈ ಜಾತಿ. ಒದೆ ಅಷ್ಟೇನೂ ಕಡಿಮೆ ಆಗಲ್ಲ, ನಳಿಗೆ ಎದ್ದು ಹೋಗೋದು ಕಡಿಮೆ ಆಗುತ್ತೆ. ಕತ್ತಲಲ್ಲಿ ಮಾತ್ರ ಬೆಳಕು ನೇರವಾಗಿ ಗುರಿ ರೇಖೆಗೇ ಅಡ್ಡ ಬರುತ್ತೆ.

ಮಝಲ್ ಬ್ರೇಕ್ ಅಂದ್ರೆ ಗ್ಯಾಸನ್ನ ಪಕ್ಕಕ್ಕೆ, ಕೆಲವು ಸಲ ಓರೆಯಾಗಿ ಹಿಂದಕ್ಕೆ ತಿರುಗಿಸೋದು. ಒಳಗಿರೋ ಅಡ್ಡಗೋಡೆಗೆ ಗ್ಯಾಸ್ ಬಡಿದಾಗ ರೈಫಲನ್ನ ಮುಂದಕ್ಕೆ ಎಳೆಯುತ್ತೆ, ಅಷ್ಟು ಒದೆ ಕಳೆಯುತ್ತೆ. ಇಲ್ಲಿ ಒಂದು ಸಣ್ಣ ಲೆಕ್ಕ ಹೇಳ್ಬೇಕು, ಯಾಕಂದ್ರೆ ಅಂಗಡಿಯವರು ಹೇಳದೇ ಇರೋದು ಇದನ್ನೇ. 5.56 ಎಂಎಂ ತೋಟಾದಲ್ಲಿ ಗುಂಡು ಸುಮಾರು 4 ಗ್ರಾಂ, ಮದ್ದು ಸುಮಾರು 1.7 ಗ್ರಾಂ. ಗುಂಡು ಹೋಗೋದು ಸೆಕೆಂಡಿಗೆ 900 ಮೀಟರ್ ಚಿಲ್ರೆ, ಗ್ಯಾಸ್ ಅದಕ್ಕಿಂತ ಜೋರು. ಗುಣಿಸಿ ನೋಡಿದ್ರೆ ಒಟ್ಟು ಒದೆಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಗ್ಯಾಸಿನದ್ದು. ಬ್ರೇಕ್ ಹಿಡಿಯೋಕೆ ಆಗೋದು ಆ ಗ್ಯಾಸನ್ನ ಮಾತ್ರ, ಹೊರಟುಹೋದ ಗುಂಡಿನ ಪಾಲಿನ ಒದೆ ಭುಜಕ್ಕೇ ಬರುತ್ತೆ. ಪಾಯಿಂಟ್ 22 ತೋಟಾದಲ್ಲಿ ಗುಂಡು 2.6 ಗ್ರಾಂ, ಮದ್ದು 0.1 ಗ್ರಾಂ ಆಸುಪಾಸು, ಅದಕ್ಕೆ ಬ್ರೇಕ್ ಹಾಕಿ ಏನು ಸಿಗುತ್ತೆ? ಅದೇ ಬ್ಯಾರೆಟ್ ತರದ ಪಾಯಿಂಟ್ 50 ರೈಫಲಲ್ಲಿ ಮದ್ದು ರಾಶಿ, ಅಲ್ಲಿ ಬಾಣದ ತುದಿ ಆಕಾರದ ದೊಡ್ಡ ಬ್ರೇಕ್ ಇಲ್ಲದಿದ್ರೆ ಮನುಷ್ಯ ಭುಜಕ್ಕಿಟ್ಟು ಹೊಡೆಯೋ ಮಾತೇ ಇಲ್ಲ.

ಸೈಲೆನ್ಸರ್, ಸಪ್ರೆಸರ್ ಅಂತಾನೂ ಅಂತಾರೆ, ಅಮೆರಿಕದ ಹೈರಮ್ ಪರ್ಸಿ ಮ್ಯಾಕ್ಸಿಮ್ 1909ರಲ್ಲಿ ಪೇಟೆಂಟ್ ಮಾಡಿಸಿದ್ದು. ಇವರ ಅಪ್ಪ ಮ್ಯಾಕ್ಸಿಮ್ ಮೆಷಿನ್ ಗನ್ ಮಾಡಿದವರು, ಮಗ ಸದ್ದು ಅಡಗಿಸೋದನ್ನ ಮಾಡಿದ್ರು. ಡಬ್ಬಿ ಒಳಗೆ ಒಂದರ ಹಿಂದೆ ಒಂದು ತಡೆಗಳು, ಗ್ಯಾಸ್ ಅವುಗಳ ಮಧ್ಯೆ ಸುತ್ತಿ ಸುತ್ತಿ, ತಣ್ಣಗಾಗಿ, ಪ್ರೆಶರ್ ಕುಕ್ಕರನ್ನ ಒಮ್ಮೆಗೇ ತೆಗೆಯದೆ ಸೀಟಿಯಿಂದ ಹಬೆ ಬಿಟ್ಟ ಹಾಗೆ ನಿಧಾನವಾಗಿ ಹೊರಗೆ ಬರುತ್ತೆ. ಗ್ಯಾಸನ್ನ ಹಿಡಿದಿಡೋದ್ರಿಂದ ಸದ್ದೂ ಕಡಿಮೆ, ಬೆಳಕೂ ಕಡಿಮೆ, ಒದೆನೂ ಕಡಿಮೆ. ಹಾಗಾದ್ರೆ ಇದೇ ಬೆಸ್ಟ್ ಅಲ್ವಾ ಅಂತ ನೀವು ಕೇಳ್ತೀರ. ಸಾಮಾನ್ಯವಾಗಿ ಅರ್ಧ ಕಿಲೋ ತೂಕ ನಳಿಗೆಯ ತುತ್ತತುದೀಲಿ, ಹದಿನೈದು ಇಪ್ಪತ್ತು ಸೆಂಟಿಮೀಟರ್ ಉದ್ದ ಜಾಸ್ತಿ, ನಾಲ್ಕಾರು ಮ್ಯಾಗಜೀನ್ ಖಾಲಿ ಮಾಡಿದ್ರೆ ಕೈ ಸುಡೋ ಬಿಸಿ, ಆ ಬಿಸಿ ಗಾಳಿ ಮೇಲೆದ್ದು ಸ್ಕೋಪ್ ಮುಂದೆ ಗುರಿ ನಡುಗಿದ ಹಾಗೆ ಕಾಣುತ್ತೆ, ಹಾಕಿದಾಗ ಒಂದು ಕಡೆ ಬೀಳೋ ಗುಂಡು ತೆಗೆದಾಗ ಇನ್ನೊಂದು ಕಡೆ ಬೀಳುತ್ತೆ. ಆಟೋಮ್ಯಾಟಿಕ್ ರೈಫಲಲ್ಲಿ ಗ್ಯಾಸು ವಾಪಸ್ ನಳಿಗೆ ಒಳಗೇ ಬಂದು ಬೋಲ್ಟ್ (ತೋಟಾ ಒಳಗೆ ತಳ್ಳಿ ಹಿಂದಿಂದ ಮುಚ್ಚೋ ಭಾಗ) ಸಂದಿಯಿಂದ ಹೊಡೆಯೋನ ಮುಖಕ್ಕೆ ರಾಚುತ್ತೆ, ಕಣ್ಣಲ್ಲಿ ನೀರು ಬರುತ್ತೆ, ಒಳಗೆಲ್ಲ ಮಸಿ ಕಟ್ಟುತ್ತೆ. ಇಷ್ಟೆಲ್ಲ ಇದ್ರೂ ಅಮೆರಿಕ ಸೇನೆ 2022ರಲ್ಲಿ ಆರಿಸಿಕೊಂಡ ಹೊಸ 6.8 ಎಂಎಂ ರೈಫಲಿಗೆ ಸಪ್ರೆಸರ್ ಜೊತೆಗೇ ಕೊಡ್ತಾ ಇದೆ, ಪಕ್ಕದವನ ಮಾತು ಕೇಳಿಸಬೇಕು, ಕಿವಿ ಉಳಿಯಬೇಕು ಅನ್ನೋದು ಅವರಿಗೆ ಈಗ ಅಷ್ಟು ಮುಖ್ಯ ಆಗಿದೆ.

ಬೆಸ್ಟ್ ಯಾವುದು ಅಂದ್ರಲ್ಲ. ಸಾಲಾಗಿ ಮಲಗಿ, ರಾತ್ರಿ, ಒಬ್ಬರ ಪಕ್ಕ ಒಬ್ಬರು ಹೊಡೆಯೋ ಪದಾತಿ ದಳಕ್ಕೆ ಬ್ರೇಕ್ ಕೊಟ್ರೆ ಪಕ್ಕದವನಿಗೆ ಶಿಕ್ಷೆ, ಅಲ್ಲಿ ಫ್ಲಾಶ್ ಹೈಡರೇ ಸರಿ. ಒಬ್ಬನೇ ಕೂತು ದೊಡ್ಡ ಬೋರ್ ರೈಫಲಲ್ಲಿ ದೂರಕ್ಕೆ ಹೊಡೆಯೋನಿಗೆ ಬ್ರೇಕ್ ಸರಿ. ನಮ್ಮ ಸೇನೆಯ ಇನ್ಸಾಸ್ ರೈಫಲ್ ತುದಿಗಂತೂ ಇನ್ನೊಂದು ಕೆಲಸಾನೂ ಇದೆ, ಅದರ ಫ್ಲಾಶ್ ಹೈಡರ್ ಮೇಲೇ ರೈಫಲ್ ಗ್ರೆನೇಡ್ ಕೂರಿಸಬಹುದು, ಅದಕ್ಕೇ ಅದರ ಹೊರಗಿನ ಅಳತೆ ಅಷ್ಟು ಕರಾರುವಾಕ್ಕು.

ಪ್ರಶ್ನೆ (ವಿರಾಜಪೇಟೆ ಹತ್ತಿರದ ಊರಿಂದ): ಕೈಲ್ ಪೊಳ್ದ್ (ಕೊಡವರ ಆಯುಧ ಪೂಜೆ ಹಬ್ಬ) ಸಮಯದಲ್ಲಿ ನಮ್ಮಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ ಇಟ್ಟಿದ್ರು. ಪಕ್ಕದಲ್ಲಿ ಹೊಡೆದವರ ದೊಡ್ಡ ಬೋರ್ ರೈಫಲಿಗೆ ಬ್ರೇಕ್ ಇತ್ತು. ಅವರು ಆರಾಮಾಗಿದ್ರು, ನನ್ನ ಕಿವಿ ಎರಡು ದಿನ ಗುಂಯ್ ಅಂತಿತ್ತು. ಇದು ತಾನಾಗೇ ಸರಿ ಹೋಗುತ್ತಲ್ವಾ?

ಉತ್ತರ: ಗುಂಯ್ ಅನ್ನೋದು ನಿಂತಿರಬಹುದು, ಆದ್ರೆ ಸರಿ ಹೋಯ್ತು ಅಂತ ಅಂದ್ಕೋಬೇಡಿ, ದಯವಿಟ್ಟು ಒಂದು ಸಲ ಇಎನ್‌ಟಿ ಡಾಕ್ಟರ ಹತ್ರ ಹೋಗಿ ಆಡಿಯೋಗ್ರಾಂ (ಕಿವಿ ಎಷ್ಟು ಕೇಳುತ್ತೆ ಅನ್ನೋ ಪರೀಕ್ಷೆ) ಮಾಡಿಸಿ. ಒಳಕಿವೀಲಿ ಸದ್ದು ಹಿಡಿಯೋ ಕೂದಲಿನಂಥ ಜೀವಕೋಶಗಳು ಇರ್ತವೆ, ಅವು ಸತ್ತರೆ ಮತ್ತೆ ಹುಟ್ಟಲ್ಲ. ಮೊದಲು ಹೋಗೋದು ಮೇಲಿನ ಸ್ವರಗಳು, ಹಾಗಾಗಿ ವರ್ಷಗಟ್ಟಲೆ ಗೊತ್ತೇ ಆಗಲ್ಲ, ಮನೇಲಿ ಮಕ್ಕಳು ಮಾತಾಡಿದ್ದು ಅರ್ಥ ಆಗ್ತಿಲ್ಲ ಅನ್ನೋ ಹೊತ್ತಿಗೆ ಗೊತ್ತಾಗುತ್ತೆ. ನನ್ನ ಜೊತೆ ಕೆಲಸ ಮಾಡಿದ ಎಷ್ಟೋ ಜನ ಈಗ ಫೋನಲ್ಲಿ ಮಾತಾಡೋಕೆ ಕಷ್ಟಪಡ್ತಾರೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ, ಯಾಕಂದ್ರೆ ತಪ್ಪಿಸಬಹುದಿತ್ತು.

ಒಮ್ಮೆಗೇ ಬರೋ ಇಂಥ ಸದ್ದಿಗೆ ಸಾಮಾನ್ಯವಾಗಿ ಇಟ್ಟಿರೋ ಗಡಿ 140 ಡೆಸಿಬೆಲ್. ತುದೀಲಿ ಸಪ್ರೆಸರ್ ಇಲ್ಲದ ಸೆಂಟರ್ ಫೈರ್ (ತೋಟಾದ ತಳದ ಮಧ್ಯಕ್ಕೆ ಪಿನ್ ಬಡಿಯೋ) ರೈಫಲ್ 160 ದಾಟುತ್ತೆ. ಡೆಸಿಬೆಲ್ ಅಂದ್ರೆ ಹತ್ತು ಹೆಚ್ಚಾದ್ರೆ ಶಕ್ತಿ ಹತ್ತು ಪಟ್ಟು, ಇಪ್ಪತ್ತು ಹೆಚ್ಚಾದ್ರೆ ನೂರು ಪಟ್ಟು. ಬ್ರೇಕ್ ಇದ್ರೆ ಸದ್ದು ಮುಂದಕ್ಕೆ ಹೋಗೋ ಬದಲು ಪಕ್ಕಕ್ಕೆ, ಹಿಂದಕ್ಕೆ ತಿರುಗುತ್ತೆ, ಅಲ್ಲೇ ನೀವು ನಿಂತಿದ್ರಿ. ಹೊಡೆದವರು ಬಹುಶಃ ಇಯರ್ ಮಫ್ ಹಾಕಿದ್ರು, ನೋಡೋಕೆ ನಿಂತವರು ಹಾಕಿರಲ್ಲ, ಪ್ರತಿ ಸ್ಪರ್ಧೆಯಲ್ಲೂ ಇದೇ ಕತೆ. ಹತ್ತಿ ತುರುಕಿಕೊಳ್ಳೋದು, ಬೆರಳು ಇಟ್ಟುಕೊಳ್ಳೋದು ಇದೆಲ್ಲ ಸಾಲಲ್ಲ. ಫೋಮ್ ಪ್ಲಗ್ಗನ್ನ ಬೆರಳಲ್ಲಿ ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನ ಮೇಲಕ್ಕೆ ಹಿಂದಕ್ಕೆ ಎಳೆದು ಹಿಡಿದು, ಒಳಗೆ ತೂರಿಸಿ ಅದು ಉಬ್ಬೋ ತನಕ ಹಿಡ್ಕೋಬೇಕು, ಅದರ ಮೇಲೆ ಮಫ್ ಹಾಕ್ಬೇಕು. ಬ್ರೇಕ್ ಇರೋ ರೈಫಲ್ ಹತ್ರ ಎರಡೂ ಬೇಕೇ ಬೇಕು. ಸಂಘಟಕರಿಗೆ ನನ್ನದೊಂದು ವಿನಂತಿ, ಬ್ರೇಕ್ ಇರೋರನ್ನ ಸಾಲಿನ ಒಂದು ಕೊನೆಗೆ ನಿಲ್ಲಿಸಿ, ನೋಡೋಕೆ ಬಂದವರನ್ನ ಚೆನ್ನಾಗಿ ಹಿಂದಕ್ಕೆ ಕಳಿಸಿ, ಚಿಕ್ಕ ಮಕ್ಕಳಿಗೆ ಮಫ್ ಇಲ್ಲದಿದ್ರೆ ಹತ್ರಾನೇ ಬಿಡಬೇಡಿ.

ಪ್ರಶ್ನೆ (ತೀರ್ಥಹಳ್ಳಿ ತಾಲೂಕಿಂದ): ನಮ್ಮದು ಅಡಿಕೆ ತೋಟ, ಬೆಳೆ ರಕ್ಷಣೆಗೆ ಲೈಸೆನ್ಸ್ ಇರೋ ಜೋಡಿ ನಳಿಗೆ 12 ಬೋರ್ ಕೋವಿ ಇದೆ, ಅಪ್ಪನ ಕಾಲದ್ದು. ಒದೆ ಜಾಸ್ತಿ. ಪರಿಚಯದ ಲೇತ್ ಕೆಲಸದವರು ನಳಿಗೆ ತುದಿಗೆ ಮರೆ (ತಿರುಪಿನ ಥ್ರೆಡ್) ಕೊರೆದು ಬ್ರೇಕ್ ಕೂರಿಸ್ತೀನಿ, ಬೇಕಾದ್ರೆ ಸದ್ದು ಕಡಿಮೆ ಮಾಡೋದೂ ಹಾಕ್ತೀನಿ ಅಂತಾರೆ. ಮಾಡಿಸಲಾ?

ಉತ್ತರ: ಬೇಡ. ಖಂಡಿತ ಬೇಡ. ಮೂರು ಕಾರಣ ಇದಾವೆ, ಮೂರೂ ದೊಡ್ಡವೇ.

ಮೊದಲನೇದು ಕಾನೂನು. 1959ರ ಆಯುಧ ಕಾಯ್ದೆಯ ಎರಡನೇ ಸೆಕ್ಷನ್ನಲ್ಲಿ ಬಂದೂಕು ಅಂದ್ರೆ ಏನು ಅಂತ ಹೇಳುವಾಗಲೇ, ಹಾರಿಸಿದಾಗಿನ ಸದ್ದು ಅಥವಾ ಬೆಳಕು ಕಡಿಮೆ ಮಾಡೋಕೆ ಮಾಡಿದ ಪರಿಕರಗಳನ್ನೂ ಅದರೊಳಗೇ ಸೇರಿಸಿದಾರೆ. ಅಂದ್ರೆ ಸೈಲೆನ್ಸರ್ ಆಗ್ಲಿ ಫ್ಲಾಶ್ ಹೈಡರ್ ಆಗ್ಲಿ, ಬಂದೂಕಿಗೆ ಸಿಕ್ಕಿಸದೆ ಬೀರುವಿನಲ್ಲಿ ಸುಮ್ನೆ ಬಿದ್ದಿದ್ರೂ ಕಾನೂನಿನ ಕಣ್ಣಲ್ಲಿ ಅದೇ ಒಂದು ಬಂದೂಕು. ಬಂದೂಕಿನ ಬಿಡಿ ಭಾಗಗಳೂ ಅದೇ ವ್ಯಾಖ್ಯೆ ಒಳಗೆ ಬರ್ತವೆ. ನಿಮ್ಮ ಲೈಸೆನ್ಸಲ್ಲಿ ಬರೆದಿರೋದು ಒಂದು ಕೋವಿ, ಇದನ್ನ ಮಾಡಿಸಿದ್ರೆ ನಿಮಗೂ ಕೇಸು, ಲೈಸೆನ್ಸ್ ಇಲ್ಲದೆ ಮಾಡಿಕೊಟ್ಟ ಆ ಲೇತ್‌ನವರಿಗೂ ಕೇಸು. ಕೊಡವರು ಮೊದಲಾದವರಿಗೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳೋಕೆ ಇರೋ ವಿನಾಯಿತಿ ಇದೆಯಲ್ಲ, 2029ರ ತನಕ ಮುಂದುವರಿಸಿರೋದು, ಅದನ್ನ ನಂಬಿ ಇಂಥದ್ದಕ್ಕೆ ಕೈ ಹಾಕೋಕೆ ಹೋಗಬೇಡಿ ಅಂತ ಅಲ್ಲಿನ ಓದುಗರಿಗೂ ಇಲ್ಲೇ ಹೇಳಿಬಿಡ್ತೀನಿ.

ಎರಡನೇದು ಲೋಹ. ಜೋಡಿ ನಳಿಗೆ ಕೋವಿಯ ತುದೀಲಿ ನಳಿಗೆ ಗೋಡೆ ಎಷ್ಟು ತೆಳ್ಳಗಿರುತ್ತೆ ಅಂತ ಒಮ್ಮೆ ನೋಡಿ. ರೈಫಲ್ ನಳಿಗೆ ತರ ದಪ್ಪ ಇರಲ್ಲ. ಮರೆ ಕೊರೆಯೋಕೆ ಅಲ್ಲಿ ಲೋಹಾನೇ ಇಲ್ಲ, ಜೊತೆಗೆ ಎರಡು ನಳಿಗೆ ಬೆಸೆದಿರೋ ಬೆಸುಗೆ ಬಿಟ್ರೆ ಆ ಕೋವಿ ಮುಗೀತು. ಕೂರಿಸಿದ್ದು ಕೂದಲೆಳೆಯಷ್ಟು ಓರೆ ಆದ್ರೂ ಚರೆ (ತೋಟಾದೊಳಗಿನ ಸಣ್ಣ ಸೀಸದ ಗುಂಡುಗಳು) ಹೋಗಿ ಅದಕ್ಕೇ ಬಡಿಯುತ್ತೆ, ಆಮೇಲೆ ಚೂರು ಯಾವ ಕಡೆ ಹಾರುತ್ತೆ ಅಂತ ಯಾರೂ ಹೇಳೋಕಾಗಲ್ಲ.

ಮೂರನೇದು, ಮಾಡಿಸಿದ್ರೂ ಉಪಯೋಗ ಇಲ್ಲ. ಮೇಲೆ ಹೇಳಿದ ಲೆಕ್ಕಾನೇ ಹಾಕಿ, 12 ಬೋರ್ ತೋಟಾದಲ್ಲಿ ಚರೆ 30 ಗ್ರಾಂ ಆಸುಪಾಸು, ಮದ್ದು 2 ಗ್ರಾಂ ಒಳಗೆ. ಒದೆಯೆಲ್ಲ ಚರೆದು, ಗ್ಯಾಸಿನ ಪಾಲು ತೀರಾ ಕಡಿಮೆ, ತುದಿಗೆ ಬರೋ ಹೊತ್ತಿಗೆ ಪ್ರೆಶರೂ ಇಳಿದಿರುತ್ತೆ. ಒದೆ ಕಡಿಮೆ ಆಗ್ಬೇಕಂದ್ರೆ ಹಗುರ ಲೋಡಿನ ತೋಟಾ ತಗೊಳ್ಳಿ, ಹಿಡಿಯ ಹಿಂದೆ ಒಳ್ಳೇ ರಬ್ಬರ್ ಪ್ಯಾಡ್ ಹಾಕ್ಸಿ, ಹಿಡಿ ಉದ್ದ ನಿಮ್ಮ ಕೈಗೆ ಹೊಂದುತ್ತಾ ನೋಡಿ, ಅಪ್ಪನಿಗೆ ಸರಿ ಇದ್ದಿದ್ದು ನಿಮಗೆ ಸರಿ ಇರ್ಬೇಕು ಅಂತೇನಿಲ್ಲ. ಭುಜದ ಗುಳಿಗೆ ಒತ್ತಿ ಹಿಡಿಯೋದು ಕಲಿತ್ರೇನೇ ಅರ್ಧ ನೋವು ಹೋಗುತ್ತೆ.

ಅಂದ ಹಾಗೆ ನಿಮ್ಮ ಕೋವಿ ತುದೀಲಿ ಒಂದು ಸಾಧನ ಆಗಲೇ ಇದೆ, ಕಣ್ಣಿಗೆ ಕಾಣಲ್ಲ ಅಷ್ಟೇ. ಚೋಕ್ ಅಂತಾರೆ. ನಳಿಗೆ ಬಾಯನ್ನ ಸ್ವಲ್ಪ ಬಿಗಿ ಮಾಡಿರ್ತಾರೆ, ಫುಲ್ ಚೋಕ್ ಅಂದ್ರೆ ಸುಮಾರು ಒಂದು ಮಿಲಿಮೀಟರ್ ಬಿಗಿ, 40 ಗಜ ದೂರದಲ್ಲಿ 30 ಇಂಚಿನ ವೃತ್ತದೊಳಗೆ ಹೆಚ್ಚುಕಡಿಮೆ 70 ಪರ್ಸೆಂಟ್ ಚರೆ ಬೀಳುತ್ತೆ, ಚೋಕ್ ಇಲ್ಲದ ನಳಿಗೆಯಲ್ಲಿ 40 ಪರ್ಸೆಂಟ್. ಜೋಡಿ ನಳಿಗೆಯಲ್ಲಿ ಸಾಮಾನ್ಯವಾಗಿ ಬಲದ್ದು ಸಡಿಲ, ಎಡದ್ದು ಬಿಗಿ. ಫುಲ್ ಚೋಕ್ ನಳಿಗೆಗೆ ಒಂಟಿ ಗುಂಡಿನ ತೋಟಾ ಹಾಕಬೇಡಿ, ಬಾಯಿ ಹತ್ರ ನಳಿಗೆ ಉಬ್ಬಿದ ಹಳೇ ಕೋವಿಗಳನ್ನ ತುಂಬ ನೋಡಿದೀನಿ.

ಪ್ರಶ್ನೆ (ಸೇನೆಯಿಂದ ನಿವೃತ್ತರಾದ ಹವಾಲ್ದಾರ್, ಗದಗ): ಸಾಬ್, ನಮಸ್ಕಾರ. ನಾನು ಎಸ್‌ಎಲ್‌ಆರ್ (ಸೇನೆಯ ಹಳೇ ಸೆಲ್ಫ್ ಲೋಡಿಂಗ್ ರೈಫಲ್) ಹಿಡಿದವ, ಆಮ್ಯಾಲೆ ಕಾಶ್ಮೀರದಾಗ ಎಕೆ ಕೊಟ್ರು. ನಾನು ಎಡಗೈಯವ. ಎಕೆ ಬರ್ಸ್ಟ್ (ಒಂದರ ಹಿಂದ ಒಂದು ಗುಂಡು) ಹೊಡದ್ರ ಉಳಿದವರಿಗಿಂತ ನಂದs ಜಾಸ್ತಿ ಎಡಕ್ಕ ಎಳೀತಿತ್ತು. ಉಸ್ತಾದ ನನ್ನ ಪಕಡ್ ಸರಿ ಇಲ್ಲ ಅಂತ ಬೈತಿದ್ರು. ಖರೇನ ಪಕಡ್‌ದ್ದ ತಪ್ಪೇನು?

ಉತ್ತರ: ಹವಾಲ್ದಾರ್ ಸಾಬ್, ನಮಸ್ಕಾರ. ನಿಮ್ಮ ಪಕಡ್ ತಪ್ಪು ಅಂತ ನಾನಂತೂ ಹೇಳಲ್ಲ, ಆ ರೈಫಲ್ಲೇ ಬಲಗೈಯವರಿಗೆ ಅಂತ ಮಾಡಿರೋದು. 1959ರ ಎಕೆಎಂ ತುದೀಲಿ ಚಮಚದ ತರ ಓರೆ ಕತ್ತರಿಸಿದ್ದು ಇರುತ್ತಲ್ಲ, ಅದರ ಕೆಳ ತುಟಿ ಮುಂದಕ್ಕೆ ಚಾಚಿರುತ್ತೆ, ಸರಿಯಾಗಿ ನೋಡಿದ್ರೆ ನೇರ ಕೆಳಗಲ್ಲ, ಸ್ವಲ್ಪ ಎಡಕ್ಕೆ ತಿರುಗಿರುತ್ತೆ. ಬಲಗೈಯವನು ಬರ್ಸ್ಟ್ ಹೊಡೆದ್ರೆ ನಳಿಗೆ ಮೇಲಕ್ಕೆ ಬಲಕ್ಕೆ ಏಳುತ್ತೆ, ಗ್ಯಾಸು ಆ ತುಟಿಗೆ ಬಡಿದು ಅದನ್ನ ಕೆಳಕ್ಕೆ ಎಡಕ್ಕೆ ಒತ್ತುತ್ತೆ, ಒಂದಕ್ಕೊಂದು ಸರಿ ಹೋಗುತ್ತೆ. ನಿಮ್ಮ ಭುಜದಿಂದ ಹೊಡೆದಾಗ ರೈಫಲ್ ಮೊದಲೇ ಎಡಕ್ಕೆ ಹೋಗೋದು, ಅದರ ಮೇಲೆ ಈ ತುಟಿನೂ ಎಡಕ್ಕೇ ತಳ್ಳೋದು, ಎರಡೂ ಸೇರಿ ನಿಮ್ಮನ್ನ ಎಳೆದಿವೆ. ಇಷ್ಟು ವರ್ಷ ಆ ಬೈಗುಳ ಮನಸ್ಸಲ್ಲಿ ಇಟ್ಕೊಂಡಿದ್ರಲ್ಲ, ಇವತ್ತೇ ಬಿಟ್ಟುಬಿಡಿ.

ಆ ತುಟಿ ಎಷ್ಟು ಸಣ್ಣ ಸಾಮಾನು ಅಂದ್ರೆ ಮುಷ್ಟಿಯೊಳಗೆ ಮುಚ್ಚಿ ಹೋಗುತ್ತೆ, ಎಡಕ್ಕೆ ತಿರುಗಿಸಿ ಬಿಗಿಯೋ ಮರೆ, ತಾನಾಗೇ ತಿರುಗದ ಹಾಗೆ ಒಂದು ಸ್ಪ್ರಿಂಗ್ ಪಿನ್. ಅದು ಬೆಳಕು ಅಡಗಿಸೋದಿಲ್ಲ, ಒದೆ ಕಡಿಮೆ ಮಾಡೋದಿಲ್ಲ, ದಿಕ್ಕು ತಿದ್ದೋದೊಂದೇ ಕೆಲಸ. 1974ರ ಎಕೆ-74ಗೆ ರಷ್ಯನ್ನರು ಪೂರ್ತಿ ಬೇರೆ ದಾರಿ ಹಿಡಿದ್ರು, ಉದ್ದನೆ ಎರಡು ಕೋಣೆ ಬ್ರೇಕ್. ಅದು ಚೆನ್ನಾಗಿ ಕೆಲಸ ಮಾಡೋಕೆ ಕಾರಣ ತೋಟಾ, 5.45 ಎಂಎಂ ಗುಂಡು 3.4 ಗ್ರಾಂ ಅಷ್ಟೇ, ಅದಕ್ಕೆ ಹೋಲಿಸಿದ್ರೆ ಮದ್ದು ಜಾಸ್ತಿ, ಗ್ಯಾಸಿನ ಪಾಲು ದೊಡ್ಡದು. ನೀವು ಹಿಡಿದ 7.62x39 ಗುಂಡು ಸುಮಾರು 8 ಗ್ರಾಂ, ಅದಕ್ಕೆ ಅದೇ ಬ್ರೇಕ್ ಹಾಕಿದ್ರೂ ಅಷ್ಟು ಸಿಗ್ತಿರಲಿಲ್ಲ. ಎಸ್‌ಎಲ್‌ಆರ್ ಬಗ್ಗೆ ಹೇಳೋದಾದ್ರೆ ಅದರ ಉದ್ದ ಸೀಳಿನ ಫ್ಲಾಶ್ ಹೈಡರ್ ತನ್ನ ಕೆಲಸ ಚೆನ್ನಾಗೇ ಮಾಡ್ತಿತ್ತು, ಒದೆ ಮಾತ್ರ ನಿಮ್ಮ ಭುಜಕ್ಕೇ ಗೊತ್ತು.

ಪ್ರಶ್ನೆ (ಧಾರವಾಡದ ಎನ್‌ಸಿಸಿ ಕೆಡೆಟ್): ಸಿನಿಮಾದಾಗ ಸೈಲೆನ್ಸರ್ ಹಾಕಿದ್ರ ಫುಸ್ ಅಂತದ ಅಷ್ಟs, ಪಕ್ಕದ ರೂಮಿನವರಿಗೂ ಕೇಳೂದಿಲ್ಲ. ಖರೇ ಹಂಗ ಆಗ್ತದೇನ್ರಿ?

ಉತ್ತರ: ಇಲ್ಲಪ್ಪ. ಒಳ್ಳೇ ಸಪ್ರೆಸರ್ ಕಡಿಮೆ ಮಾಡೋದು 20ರಿಂದ 35 ಡೆಸಿಬೆಲ್, 160 ದಾಟಿದ್ದು 130ಕ್ಕೆ ಬಂದ್ರೆ ಕಿವಿ ಉಳಿಯುತ್ತೆ ನಿಜ, ಆದ್ರೆ ಅದು ಇನ್ನೂ ದೊಡ್ಡ ಸದ್ದೇ. ಅದೂ ಅಲ್ಲದೆ ಗುಂಡು ಸೆಕೆಂಡಿಗೆ ಸುಮಾರು 340 ಮೀಟರ್ ಅಂದ್ರೆ ಶಬ್ದದ ವೇಗ ದಾಟಿ ಹೋದ್ರೆ ದಾರಿಯುದ್ದಕ್ಕೂ ಚಟಾರ್ ಅನ್ನೋ ಸದ್ದು ಮಾಡ್ಕೊಂಡೇ ಹೋಗುತ್ತೆ, ಅದು ನಳಿಗೆಯಿಂದ ಬರೋದಲ್ಲ, ಹಾಗಾಗಿ ತುದೀಲಿ ಏನಿಟ್ರೂ ಅದನ್ನ ತಡೆಯೋಕಾಗಲ್ಲ. ಬೇಕು ಅಂದ್ರೆ ಗುಂಡನ್ನೇ ನಿಧಾನ ಮಾಡ್ಬೇಕು, ಪಾಯಿಂಟ್ 300 ಬ್ಲ್ಯಾಕೌಟ್ ಅನ್ನೋ ತೋಟಾದಲ್ಲಿ 14 ಗ್ರಾಂ ಭಾರದ ಗುಂಡನ್ನ 310 ಮೀಟರ್ ಆಸುಪಾಸಲ್ಲಿ ಬಿಡ್ತಾರೆ, ಆಗ ಗುರಿ ದೂರ ಆದಷ್ಟೂ ಗುಂಡು ಬೇಗ ಇಳಿದುಬಿಡುತ್ತೆ. ಮತ್ತೆ ಡಬ್ಬಿ ಒಳಗೆ ಮೊದಲು ಗಾಳಿ ಇರುತ್ತಲ್ಲ, ಅದರ ಆಮ್ಲಜನಕಕ್ಕೆ ಮೊದಲನೇ ಗುಂಡಿನ ಗ್ಯಾಸ್ ಹತ್ತಿಕೊಳ್ಳುತ್ತೆ, ಹಾಗಾಗಿ ಮೊದಲ ಸದ್ದು ಎರಡನೇದಕ್ಕಿಂತ ಜೋರು. ನಿಮ್ಮ ಕ್ಯಾಂಪಲ್ಲಿ ಪಾಯಿಂಟ್ 22 ಡಿಲಕ್ಸ್ ರೈಫಲ್ ಹೊಡೆಯುವಾಗ್ಲೂ ಪ್ಲಗ್ ಹಾಕ್ಕೋ, ಪಕ್ಕದ ರೇಂಜಲ್ಲಿ ಇನ್ಸಾಸ್ ಹೊಡೀತಿದ್ರಂತೂ ತಪ್ಪಿಸಲೇಬೇಡ.

ಪ್ರಶ್ನೆ (ಟೆಕ್ಸಾಸ್‌ನಲ್ಲಿರೋ ಕನ್ನಡಿಗರು): ಇಲ್ಲಿ ಕಾಡುಹಂದಿ ಕಾಟ ಜೋರು, ಗೆಳೆಯರ ಜಮೀನಲ್ಲಿ ರಾತ್ರಿ ಹೊತ್ತು ಹಂದಿ ಬೇಟೆಗೆ ಹೋಗ್ತೀವಿ. ನನ್ನದು 16 ಇಂಚು ನಳಿಗೆಯ ಪಾಯಿಂಟ್ 308 ಸೆಮಿ ಆಟೋಮ್ಯಾಟಿಕ್. ಬ್ರೇಕ್ ಇದೆ, ತೆಗೆದು ಸಪ್ರೆಸರ್ ಹಾಕಲಾ? ತೆರಿಗೆ ಹೋಯ್ತು ಅಂತಾರಲ್ಲ.

ಉತ್ತರ: ನಿಮ್ಮ ಕೆಲಸಕ್ಕೆ ಹಾಕಿ ಅಂತಾನೇ ನನ್ನ ಸಲಹೆ. ಗಿಡ್ಡ ನಳಿಗೆ, ದೊಡ್ಡ ತೋಟಾ, ಅದರ ಮೇಲೆ ಬ್ರೇಕ್, ರಾತ್ರಿ, ಪಕ್ಕದಲ್ಲಿ ಗೆಳೆಯರು, ಇದಕ್ಕಿಂತ ಕೆಟ್ಟ ಜೋಡಣೆ ಇಲ್ಲ. ಬ್ರೇಕ್ ಬೆಳಕನ್ನ ದೊಡ್ಡದು ಮಾಡುತ್ತೆ, ನೈಟ್ ಸ್ಕೋಪಿಗೆ ಅದು ತೊಂದ್ರೆ, ಮೊದಲನೇ ಹಂದಿ ಬಿದ್ದ ಮೇಲೆ ಉಳಿದವು ಯಾವ ಕಡೆ ಓಡಿದ್ವು ಅಂತ ನಿಮಗೆ ಕಾಣಿಸಲ್ಲ. ಸಪ್ರೆಸರ್ ಇದ್ರೆ ಬೆಳಕು ಅಡಗುತ್ತೆ, ಒದೆನೂ ಸಾಕಷ್ಟು ಕಡಿಮೆ. ಗುಂಡಿನ ಚಟಾರ್ ಸದ್ದು ಹಂದಿಗೆ ಕೇಳುತ್ತೆ, ಆದ್ರೆ ಎಲ್ಲಿಂದ ಬಂತು ಅಂತ ಗೊತ್ತಾಗೋದು ಕಷ್ಟ.

ತೆರಿಗೆ ವಿಷಯ ನಿಜ, 1934ರ ಕಾಯ್ದೆಯಿಂದ ಇದ್ದ 200 ಡಾಲರ್ 2026ರ ಜನವರಿ 1ರಿಂದ ಸೊನ್ನೆ ಆಗಿದೆ. ಅರ್ಜಿ, ಬೆರಳಚ್ಚು, ನೋಂದಣಿ ಮಾತ್ರ ಹಾಗೇ ಇದೆ, ಒಪ್ಪಿಗೆ ಬರೋ ತನಕ ಮನೆಗೆ ತರೋ ಹಾಗಿಲ್ಲ. ಟೆಕ್ಸಾಸಲ್ಲಿ ಸರಿ, ಕ್ಯಾಲಿಫೋರ್ನಿಯಾದಲ್ಲಿರೋ ನೆಂಟರ ಮನೆಗೆ ಕಾರಲ್ಲಿ ಹಾಕ್ಕೊಂಡು ಹೋದ್ರೆ ಅಪರಾಧ, ಅಲ್ಲಿ ಸಾರ್ವಜನಿಕರಿಗೆ ಸಪ್ರೆಸರ್ ನಿಷೇಧ. ನೀವು ಅಮೆರಿಕದ ನಾಗರಿಕರಲ್ಲದೆ ವೀಸಾ ಮೇಲಿದ್ರೆ ಬಂದೂಕು ಇಟ್ಟುಕೊಳ್ಳೋಕೇ ಬೇರೆ ನಿಯಮ ಇದೆ, ವಕೀಲರನ್ನ ಕೇಳಿ ಆಮೇಲೆ ಮುಂದುವರೀರಿ.

ಹಾಕಿಸುವಾಗ ಎರಡು ಮಾತು. ಸೆಮಿ ಆಟೋಮ್ಯಾಟಿಕ್ ಆದ್ರಿಂದ ಗ್ಯಾಸ್ ಮುಖಕ್ಕೆ ಬರುತ್ತೆ, ಬೋಲ್ಟ್ ಜೋರಾಗಿ ಹಿಂದಕ್ಕೆ ಹೊಡೆಯುತ್ತೆ, ಗ್ಯಾಸ್ ಎಷ್ಟು ಒಳಗೆ ಬಿಡ್ಬೇಕು ಅಂತ ಹೊಂದಿಸೋ ಗ್ಯಾಸ್ ಬ್ಲಾಕ್ ಹಾಕಿಸಿದ್ರೆ ವಾಸಿ. ಕೈಯಲ್ಲೇ ಬೋಲ್ಟ್ ಎಳೆಯೋ ಬೋಲ್ಟ್ ಆಕ್ಷನ್ ಆಗಿದ್ರೆ ಈ ತಲೆನೋವೇ ಇರ್ತಿರಲಿಲ್ಲ. ಇನ್ನೊಂದು, ಸಪ್ರೆಸರ್ ಕೂರಿಸಿದ ಮೇಲೆ ಗುಂಡು ಹಾಕೋಕ್ಕಿಂತ ಮುಂಚೆ, ರೈಫಲ್ ಖಾಲಿ ಇದೆ ಅಂತ ಎರಡೆರಡು ಸಲ ನೋಡಿ, ನಳಿಗೆ ಒಳಗೆ ಅಲೈನ್‌ಮೆಂಟ್ ಕಡ್ಡಿ ತೂರಿಸಿ ತುದೀಲಿ ಕಣ್ಣಿಟ್ಟು ನೋಡಬೇಕು. ಕಡ್ಡಿ ಸುತ್ತ ಸಂದಿ ಎಲ್ಲ ಕಡೆ ಒಂದೇ ಸಮ ಕಂಡ್ರೆ ಸರಿ, ಒಂದು ಕಡೆ ಬಿದಿಗೆ ಚಂದ್ರನ ಹಾಗೆ ತೆಳ್ಳಗಾದ್ರೆ ಹೊಡೆಯಬೇಡಿ, ಗುಂಡು ಒಳಗಿನ ತಡೆಗೆ ಬಡಿದು ಡಬ್ಬಿ ಸೀಳಿ ಹೋಗುತ್ತೆ. ಗೆಳೆಯರ 5.56 ಸಪ್ರೆಸರ್ ಒಂದು ಸಲ ಹಾಕಿ ನೋಡೋಣ ಅನ್ನೋ ಯೋಚನೇನೂ ಬೇಡ, ಅದರ ತೂತು ನಿಮ್ಮ ಗುಂಡಿಗಿಂತ ಚಿಕ್ಕದು.

ಪ್ರಶ್ನೆ (ಬೆಳಗಾವಿಯ ಎಂಟನೇ ಕ್ಲಾಸ್ ವಿದ್ಯಾರ್ಥಿ): ಬೋಫೋರ್ಸ್ ತೋಪಿನ ತುದೀಲಿ ದಪ್ಪಂದು ಇರುತ್ತೆ, ಅರ್ಜುನ್ ಟ್ಯಾಂಕಿಗೆ ತುದೀಲಿ ಇಲ್ಲ, ಮಧ್ಯದಲ್ಲಿ ಉಬ್ಬಿರುತ್ತೆ. ಯಾಕೆ?

ಉತ್ತರ: ಚೆನ್ನಾಗಿ ಗಮನಿಸಿದೀಯ ಪುಟ್ಟ! ತೋಪಿನ ತುದೀಲಿರೋದು ಬ್ರೇಕು, ರೈಫಲಿಂದೇ ದೊಡ್ಡಣ್ಣ. ಟ್ಯಾಂಕಿನ ಮಧ್ಯದ ಉಬ್ಬು ಬ್ರೇಕ್ ಅಲ್ಲ, ಹೊಗೆ ಹೊರಗೆ ಎಳೆಯೋದು, ಇಲ್ಲದಿದ್ರೆ ಗುಂಡು ಹಾರಿದ ಮೇಲೆ ವಿಷದ ಹೊಗೆ ಒಳಗೆ ಕೂತಿರೋರ ಮೇಲೆ ಬರುತ್ತೆ. ಟ್ಯಾಂಕ್ ಬಾಣದಂಥ ಗುಂಡು ಹೊಡೆಯುತ್ತೆ, ಅದರ ಸುತ್ತ ಇರೋ ಹೊದಿಕೆ ನಳಿಗೆಯಿಂದ ಹೊರಗೆ ಬಂದ ಕೂಡಲೇ ಬಿಚ್ಚಿ ಹಾರುತ್ತೆ, ಅಲ್ಲಿ ಬ್ರೇಕ್ ಇದ್ರೆ ಅಡ್ಡ. ಬ್ರೇಕಿಂದ ಧೂಳೂ ಏಳುತ್ತೆ, ಟ್ಯಾಂಕ್ ಪಕ್ಕ ನಡ್ಕೊಂಡು ಬರೋ ಸೈನಿಕರಿಗೂ ಪೆಟ್ಟು. ಟ್ಯಾಂಕಿನ ತೂಕ ಎಷ್ಟೋ ಟನ್ ಇರೋದ್ರಿಂದ ಒದೆ ತಡ್ಕೊಳ್ಳುತ್ತೆ.

ಪ್ರಶ್ನೆ (ಮೈಸೂರಿನ ತಾಯಿಯೊಬ್ಬರು): ಮಗಳು 10 ಮೀಟರ್ ಏರ್ ರೈಫಲ್ ಅಭ್ಯಾಸ ಮಾಡ್ತಾಳೆ. ಅದರ ತುದೀಲಿ ತೂತು ತೂತಿನ ಕೊಳವೆ ಇದೆ. ಇದೂ ಸೈಲೆನ್ಸರಾ ಅಂತ ಭಯ. ಕೋಚ್ ಬಿಚ್ಚಬೇಡಿ ಅಂತಾರೆ.

ಉತ್ತರ: ಭಯ ಬೇಡಮ್ಮ, ಅದು ಸೈಲೆನ್ಸರ್ ಅಲ್ಲ, ಏರ್ ಸ್ಟ್ರಿಪ್ಪರ್. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗಲ್ಲಿ ಚಿನ್ನ ಗೆದ್ದ ಆಟದ ರೈಫಲ್ ಇದು, 4.5 ಎಂಎಂ ಪೆಲೆಟ್, ತೂಕ ಅರ್ಧ ಗ್ರಾಂ ಸುಮಾರು, ವೇಗ ಸೆಕೆಂಡಿಗೆ 175 ಮೀಟರ್ ಆಸುಪಾಸು. ಇಲ್ಲಿ ಮದ್ದೇ ಇಲ್ಲ, ಬರೀ ಒತ್ತಿಟ್ಟ ಗಾಳಿ. ಆದ್ರೆ ಅಷ್ಟು ಹಗುರದ ಪೆಲೆಟ್ ಹೊರಗೆ ಬಂದ ಕ್ಷಣಕ್ಕೆ ಹಿಂದಿಂದ ಆ ಗಾಳಿ ಅಂಕೆ ಇಲ್ಲದೆ ನುಗ್ಗಿದ್ರೆ ಅದನ್ನ ಅಲ್ಲಾಡಿಸುತ್ತೆ, ಹತ್ತರ ವೃತ್ತ ಬರೀ ಅರ್ಧ ಮಿಲಿಮೀಟರ್ ಚುಕ್ಕೆ ಇರೋ ಆಟದಲ್ಲಿ ಅಷ್ಟು ಅಲುಗಾಟವೂ ದೊಡ್ಡದು. ಸ್ಟ್ರಿಪ್ಪರ್ ಒಳಗಿನ ಕೋನ್ ಆ ಗಾಳಿಯನ್ನ ಪಕ್ಕದ ತೂತುಗಳಿಂದ ಆಚೆ ಕಳಿಸಿ, ಪೆಲೆಟ್ ಒಂದೇ ಮುಂದಕ್ಕೆ ಹೋಗೋ ಹಾಗೆ ಮಾಡುತ್ತೆ. ಮುಂದಿನ ಸೈಟ್ ಕೂರಿಸೋಕೂ ಆ ಕೊಳವೆ ಆಧಾರ.

ಕೋಚ್ ಹೇಳಿದ್ದು ಸರಿ, ಸುಮ್ನೆ ಬಿಚ್ಚಬೇಡಿ, ವಾಪಸ್ ಹಾಕುವಾಗ ಚೂರು ಓರೆಯಾದ್ರೂ ಗ್ರೂಪ್ (ಪೆಲೆಟ್ ಬಿದ್ದ ತೂತುಗಳ ಗುಂಪು) ಹರಡುತ್ತೆ. ಒಂದು ಮಾತ್ರ ಕೋಚ್ ಜೊತೆ ನಿಂತು ನೋಡಿ, ರೈಫಲ್ ಖಾಲಿ ಮಾಡಿ, ಸೇಫ್ಟಿ ಫ್ಲಾಗ್ (ಖಾಲಿ ಇದೆ ಅಂತ ತೋರಿಸೋ ಗುರುತು) ಹಾಕಿ, ಕೋನಿನ ಸಣ್ಣ ತೂತಿನ ಅಂಚಿಗೆ ಟಾರ್ಚ್ ಬಿಟ್ಟು ನೋಡಬೇಕು. ಸುತ್ತಲೂ ಒಂದೇ ಸಮ ಮಬ್ಬಾಗಿದ್ರೆ ಚೆನ್ನಾಗಿದೆ. ಒಂದೇ ಪಕ್ಕದಲ್ಲಿ ಸೀಸದ ಬೂದು ಗೆರೆ ಮೆತ್ತಿದ್ರೆ ಪೆಲೆಟ್ ಅಲ್ಲಿ ಸವರಿಕೊಂಡು ಹೋಗ್ತಿದೆ ಅಂತ ಅರ್ಥ, ಆಗ ಕೋಚೇ ಬಿಚ್ಚಿ ಸರಿಯಾಗಿ ಕೂರಿಸ್ತಾರೆ.